ಬಳ್ಳಾರಿ ಅಂತ ಹುಡುಕಿದ್ರ ಬೆಂಗ್ಳೂರು ಯಾಕ ಬರ್ತೈತಿ

ಕೊಪ್ಪಳದಾಗ ಒಂದು ಶನಿವಾರ ನರ್ಸಿಂಗ್, ಫಾರ್ಮಸಿ ಓದೋ ಹುಡುಗ್ರಿಗೆ, ಅವರ ಜೊತಿ ಬಂದಿದ್ದ ಒಂದಿಷ್ಟು ಹೌಸ್ ಸರ್ಜನ್‌ಗಳಿಗೆ, ವೈದ್ಯಕೀಯ ಸಂಶೋಧನಾ ಪೇಪರ್ ಹುಡ್ಕೋದು ಹೆಂಗ, ಅದರಾಗಿಂದ ಬೇಕಾದ್ದನ್ನ ಎತ್ತಿ ಕೊಡೋ ಸಾಫ್ಟ್‌ವೇರ್‌ಗಳು ಹೆಂಗ ಕೆಲ್ಸ ಮಾಡ್ತಾವ ಅಂತ ಒಂದೂವರಿ ತಾಸು ಮಾತಾಡಿದ್ದೆ. ನಡುವ ಕರೆಂಟ್ ಹೋಗಿ ಪ್ರೊಜೆಕ್ಟರ್ ಬಂದ್ ಆತು, ಉಳಿದಿದ್ದನ್ನ ಬಾಯಿಲೇ ಹೇಳ್ದೆ. ಆಮ್ಯಾಲೆ ಭಾಳ ಮಂದಿ ಬರದು ಹಾಕ್ರಿ ಮೇಡಂ ಅಂದ್ರು, ಅದಕ್ಕ ಮಾತಾಡಿದಂಗ ಬರ್ದೀನಿ, ಅವತ್ತು ತೋರ್ಸಾಕ ಆಗದೇ ಇದ್ದಿದ್ದನ್ನೂ ಸೇರ್ಸೀನಿ.

ಎಲ್ಲರಿಗೂ ನಮಸ್ಕಾರ್ರಿ. ನಾ ಡಾಕ್ಟರ್ ಅಲ್ಲ, ಲೈಬ್ರರಿ ಸೈನ್ಸ್ ಓದಿದಾಕಿ, ಹನ್ನೊಂದು ವರ್ಷದಿಂದ ಡಾಕ್ಟರ್‌ಗಳಿಗೆ ಪೇಪರ್ ಹುಡುಕಿಕೊಡೋದು ನನ್ನ ಕೆಲ್ಸ. ಮಾತಿಗಿಂತ ಮೊದ್ಲ ಎಲ್ರೂ ಫೋನ್ ತೆಗೀರಿ, ವೈದ್ಯಕೀಯ ಪೇಪರ್ ಹುಡ್ಕೋ ವೆಬ್‌ಸೈಟ್ ಪಬ್‌ಮೆಡ್ ಓಪನ್ ಮಾಡ್ರಿ. ಲಾಗಿನ್ ಬ್ಯಾಡ, ರೊಕ್ಕ ಬ್ಯಾಡ. ಬಾಕ್ಸಿನಾಗ ಬಳ್ಳಾರಿ ಅಂತ ಇಂಗ್ಲಿಷಿನಾಗ ಹಳೆ ಸ್ಪೆಲ್ಲಿಂಗಿಂದ ಹಾಕ್ರಿ, ಬಿ ಇ ಎಲ್ ಎಲ್ ಎ ಆರ್ ವೈ. ಬಂತಾ? ಈಗ ಓದ್ರಿ ಏನ್ ಬಂದೈತಿ ಅಂತ. ಒಂದು ಪೇಪರ್‌ನಾಗ ನೊಣದ ಮೆದುಳು, ಇನ್ನೊಂದರಾಗ ಪ್ರೋಟೀನ್ ಹೆಂಗ ಮಡಚ್ಕೊಂತೈತಿ ಅನ್ನೋದು. ನಮ್ಮ ಬಳ್ಳಾರಿಯಾಗ ನೊಣದ ಮೆದುಳಿನ ಲ್ಯಾಬ್ ಯಾವಾಗ ಆತು ಅಂತ ನಿಮಗ ಅನಿಸ್ಬಹುದು. ಆಗಿಲ್ರಿ. ಆ ಪೇಪರ್ ಬರ್ದವರ ವಿಳಾಸ ನೋಡ್ರಿ, ಜಿಕೆವಿಕೆ ಕ್ಯಾಂಪಸ್, ಬಳ್ಳಾರಿ ರೋಡ್, ಬೆಂಗ್ಳೂರು 560065. ಅಷ್ಟ. ರೋಡಿನ ಹೆಸರು ಬಳ್ಳಾರಿ, ಅದಕ್ಕ ಮಷೀನ್ ಅದನ್ನ ತಂದು ನಿಮ್ಮ ಮುಂದ ಇಟ್ಟೈತಿ. ಇನ್ನೂ ಕೆಳಗ ಹೋದ್ರ ಬಳ್ಳಾರಿ ಅಂತ ಅಡ್ಡಹೆಸರು ಇರೋ ಲೇಖಕರೂ ಸಿಗ್ತಾರ, ಅವರು ಇರೋದು ಯಾವುದೋ ದೇಶದಾಗ.

ಈಗ ಹೊಸ ಸ್ಪೆಲ್ಲಿಂಗ್ ಹಾಕ್ರಿ, ಬಿ ಎ ಎಲ್ ಎಲ್ ಎ ಆರ್ ಐ. ಬ್ಯಾರೇ ಪಟ್ಟಿ ಬಂತಲ್ಲ. 2014ರ ನವೆಂಬರ್ 1ಕ್ಕ ಹೆಸರು ಬದ್ಲಾತು, ಅದಕ್ಕಿಂತ ಹಿಂದಿನ ಪೇಪರ್‌ನಾಗ ಹೊಸ ಸ್ಪೆಲ್ಲಿಂಗ್ ಎಲ್ಲಿಂದ ಬರ್ಬೇಕು. ಎರಡೂ ಹಾಕ್ದೇ ಇದ್ರ ಅರ್ಧ ಬಳ್ಳಾರಿ ತಪ್ಪೇ ಹೋಗ್ತೈತಿ.

ಇವತ್ತು ನಾ ಹೇಳಾಕ ಬಂದಿದ್ದು ಇದನ್ನರಿ. ಈ ಟೂಲ್‌ಗಳಿಗೆ ರೋಗ ಗೊತ್ತಿಲ್ಲ, ಊರು ಗೊತ್ತಿಲ್ಲ, ಔಷಧ ಗೊತ್ತಿಲ್ಲ, ಅವುಗಳ ಹೆಸರು ಮಾತ್ರ ಗೊತ್ತು. ಒಂದು ವಸ್ತುವಿಗೆ ಎಷ್ಟು ಹೆಸರದಾವ, ಒಂದು ಹೆಸರು ಎಷ್ಟು ವಸ್ತುವಿಗೆ ಐತಿ, ಇದನ್ನ ನಾವು ಹೇಳಿಕೊಡಬೇಕು.

ಪಬ್‌ಮೆಡ್ ಬಗ್ಗೆ ಸಣ್ಣಗ ಹೇಳ್ತೀನಿ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಇದನ್ನ ನಡಸ್ತೈತಿ. ಇದರ ಮುತ್ತಜ್ಜ ಅಂದ್ರ ಇಂಡೆಕ್ಸ್ ಮೆಡಿಕಸ್ ಅನ್ನೋ ದಪ್ಪ ಪುಸ್ತಕ, ಜಾನ್ ಶಾ ಬಿಲ್ಲಿಂಗ್ಸ್ ಅನ್ನೋ ಮಿಲಿಟರಿ ಡಾಕ್ಟರು 1879ರಾಗ ಶುರು ಮಾಡಿದ್ದು, ಜಗತ್ತಿನ ವೈದ್ಯಕೀಯ ಲೇಖನಗಳನ್ನೆಲ್ಲ ವಿಷಯದ ಪ್ರಕಾರ ಪಟ್ಟಿ ಮಾಡಿ ಪ್ರಿಂಟ್ ಮಾಡ್ತಿದ್ರು. 1964ರಾಗ ಕಂಪ್ಯೂಟರ್‌ಗ ಹತ್ತಿಸಿದ್ರು, 1971ಕ್ಕ ಮೆಡ್‌ಲೈನ್ ಆತು, 1996ಕ್ಕ ಪಬ್‌ಮೆಡ್ ಆಗಿ ಇಂಟರ್‌ನೆಟ್ಟಿಗೆ ಬಂತು. ಈಗ ಅದರಾಗ 3.5 ಕೋಟಿಗೂ ಮಿಕ್ಕಿ ಲೇಖನಗಳ ದಾಖಲೆ ಐತಿ, ವರ್ಷಕ್ಕ 10 ಲಕ್ಷಕ್ಕೂ ಹೆಚ್ಚು ಸೇರ್ತಾವ, ಲೆಕ್ಕ ಹಾಕಿದ್ರ ನಿಮಿಷಕ್ಕ ಹತ್ರತ್ರ ಎರಡು. ನಾ ಮಾತು ಮುಗಿಸೋದ್ರಾಗ ನೂರೈವತ್ತು ಹೊಸವು ಬಂದಿರ್ತಾವ. ಯಾರ್ ಓದ್ತಾರ್ರಿ ಇಷ್ಟನ್ನ? ಅದಕ್ಕ ಟೂಲ್ ಬೇಕು.

ಈಗ ಊರಿನ ಮಾತಿಗೇ ವಾಪಸ್ ಬರ್ತೀನಿ, ಯಾಕಂದ್ರ ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರು ಜಿಲ್ಲೆದಷ್ಟು ಹೆಸರು ಬದಲಿಸಿದ ಸೀಮಿ ಕಮ್ಮಿ. ನಿಮಗ ಕುಷ್ಟಗಿ ತಾಲೂಕಿನ ನೀರಿನ ಫ್ಲೋರೈಡ್ ಬಗ್ಗೆ ಹಳೆ ಕೆಲ್ಸ ಬೇಕು ಅಂತ ಇಟ್ಕೊಳ್ರಿ. ಕೊಪ್ಪಳ ಜಿಲ್ಲಾ ಅಂತ ಹುಡುಕಿದ್ರ ಏನೂ ಸಿಗಂಗಿಲ್ಲ, ಕೊಪ್ಪಳ ಜಿಲ್ಲಾ ಆಗಿದ್ದ 1997ಕ್ಕ, ಅದಕ್ಕಿಂತ ಮೊದ್ಲ ಕುಷ್ಟಗಿ ರಾಯಚೂರು ಜಿಲ್ಲೆದೊಳಗ ಇತ್ತು. ರಾಯಚೂರು ಅಂತ ಹುಡುಕಿದ್ರ ಕೃಷಿ ವಿಶ್ವವಿದ್ಯಾಲಯದ ವಿಳಾಸ ಇರೋ ಹತ್ತಿ, ತೊಗರಿ, ಕೀಟದ ಪೇಪರ್‌ಗಳು ಬಂದು ಕುಂದರ್ತಾವ, ಒಳ್ಳೆ ಪೇಪರ್‌ಗಳೇ, ಆದ್ರ ನಿಮಗ ಬೇಕಾದ್ದಲ್ಲ. 1956ಕ್ಕಿಂತ ಹಿಂದ ಹೋದ್ರ ರಾಯಚೂರು ಹೈದರಾಬಾದ್ ರಾಜ್ಯದಾಗ. ಬಳ್ಳಾರಿ 1953ರ ಅಕ್ಟೋಬರ್ ತನಕ ಮದ್ರಾಸಿನ ಕಡಿ. ಕರ್ನಾಟಕ ಅನ್ನೋ ಹೆಸರೇ 1973ರದು, ಅದಕ್ಕೂ ಮೊದ್ಲ ಮೈಸೂರು. 2021ರಾಗ ಹೊಸಪೇಟಿ, ಕೂಡ್ಲಿಗಿ ಎಲ್ಲಾ ವಿಜಯನಗರ ಜಿಲ್ಲಾ ಆದ್ವು, ಅಂದ್ರ ಮುಂದ ಹುಡುಕೋರಿಗೆ ಇನ್ನೊಂದು ಹೆಸರು ಕೂಡ್ತು. ನಮ್ಮ ದೇಶದಾಗ ಫ್ಲೋರೋಸಿಸ್, ಅಂದ್ರ ಫ್ಲೋರೈಡ್ ಹೆಚ್ಚಾಗಿ ಹಲ್ಲು ಎಲುಬು ಕೆಡೋ ರೋಗದ ಬಗ್ಗೆ ಮೊದಮೊದಲಿಗೆ ಬಂದ ವರದಿಗಳೊಳಗ ಒಂದು 1937ರದು, ನೆಲ್ಲೂರು ಕಡಿದು, ಅದರ ತಲಿಬರಹದಾಗ ಇರೋದು ಮದ್ರಾಸ್ ಪ್ರೆಸಿಡೆನ್ಸಿ ಅಂತ. ಇಂಡಿಯನ್ ಮೆಡಿಕಲ್ ಗೆಜೆಟ್‌ನಂಥ ಹಳೆ ಪತ್ರಿಕೆಗಳು ಪೂರ್ತಿ ಲೇಖನ ಪುಕ್ಕಟೆ ಸಿಗೋ ಪಬ್‌ಮೆಡ್ ಸೆಂಟ್ರಲ್‌ನಾಗ ಸ್ಕ್ಯಾನ್ ಆಗಿ ಕುಂತಾವ, ಅವುನ್ನ ಇವತ್ತಿನ ಜಿಲ್ಲೆ ಹೆಸರಿಂದ ಹುಡುಕಿದ್ರ ಅವು ಎದ್ದು ಬರಂಗಿಲ್ಲ.

ಹಂಗಾದ್ರ ಏನ್ ಮಾಡ್ಬೇಕು? ತಾಲೂಕಿನ ಹೆಸರು, ಹಳೆ ಜಿಲ್ಲೆ, ಹೊಸ ಜಿಲ್ಲೆ, ಹಳೆ ರಾಜ್ಯ, ಎಲ್ಲಾ ಸ್ಪೆಲ್ಲಿಂಗ್, ಇವುನ್ನ ನಡುವ ದೊಡ್ಡ ಅಕ್ಷರದ ಓಆರ್ (ಇದು ಇಲ್ಲಾ ಅದು) ಹಾಕಿ ಕಂಸದೊಳಗ ಕೂಡಸ್ರಿ, ಆಮ್ಯಾಲೆ ರೋಗದ ಹೆಸರಿನ ಗುಂಪನ್ನ ಎಎನ್‌ಡಿ (ಎರಡೂ ಇರಬೇಕು) ಹಾಕಿ ಜೋಡಸ್ರಿ. ಊರಿನ ಹೆಸರಿನ ಹಿಂದ ಚೌಕ ಕಂಸದಾಗ ಟಿಐಎಬಿ ಅಂತ ಹಾಕಿದ್ರ ತಲಿಬರಹ, ಸಾರಾಂಶ, ಲೇಖಕರು ಕೊಟ್ಟ ಕೀವರ್ಡ್ ಇವುದರಾಗ ಅಷ್ಟ ಹುಡುಕ್ತೈತಿ, ವಿಳಾಸ ನೋಡಂಗಿಲ್ಲ, ಬಳ್ಳಾರಿ ರೋಡ್ ಅಲ್ಲಿಗೆ ಹೋತು. ವಿಳಾಸನೇ ಬೇಕು ಅಂದ್ರ ಎಡಿ ಅಂತ ಹಾಕ್ರಿ. ಇಷ್ಟು ಕಲಿಯಾಕ ಹತ್ತು ನಿಮಿಷ ಸಾಕು, ಆದ್ರ ಇದನ್ನ ಯಾರೂ ಹೇಳಿಕೊಡದೇ ಹುಡುಗ್ರು ಮೂರು ವರ್ಷ ಥೀಸಿಸ್ ಮಾಡಿ ಹೋಗ್ತಾರ, ಅದು ನನಗ ಭಾಳ ಬ್ಯಾಸರ.

ರೋಗದ ಹೆಸರಿಗೆ ಪಬ್‌ಮೆಡ್ ತಾನ ಒಂದು ಏರ್ಪಾಡು ಮಾಡೈತಿ, ಅದರ ಹೆಸರು ಮೆಶ್. 1960ರಿಂದ ಇರೋ ಪದಗಳ ಕೋಶ, ಸುಮಾರು 30 ಸಾವಿರ ತಲಿಬರಹ, ಗಿಡದ ಟೊಂಗಿ ಇದ್ದಂಗ ಒಂದರ ಕೆಳಗ ಒಂದು. ನೀವು ಹಾರ್ಟ್ ಅಟ್ಯಾಕ್ ಅಂತ ಹಾಕಿದ್ರ ಅದು ತಾನ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅಂತ ತಿಳ್ಕೊಂಡು ಅದನ್ನೂ ಹುಡುಕ್ತೈತಿ. ಕ್ಯಾನ್ಸರ್ ಅಂದ್ರ ನಿಯೋಪ್ಲಾಸಮ್ಸ್. ಮೊದ್ಲ ಒಂದೊಂದು ಲೇಖನನ ಮನುಷ್ಯರು ಓದಿ ಮೆಶ್ ಪದ ಹಚ್ಚತಿದ್ರು, 2022ರಿಂದ ಆ ಕೆಲ್ಸನ ಸಾಫ್ಟ್‌ವೇರ್ ಮಾಡ್ತೈತಿ, ಮನುಷ್ಯರು ಆಯ್ದು ಪರಿಶೀಲನೆ ಮಾಡ್ತಾರ. ಅದಕ್ಕ ನಾ ಹೇಳೋದು, ಮೆಶ್ ಒಂದನ್ನ ನಂಬಬ್ಯಾಡ್ರಿ, ಸಾದಾ ಪದನೂ ಜೊತಿಗೆ ಹಾಕ್ರಿ. ನೀವು ಬರ್ದಿದ್ದನ್ನ ಪಬ್‌ಮೆಡ್ ಏನಂತ ತಿಳ್ಕೊಂತು ಅನ್ನೋದನ್ನ ನೋಡಾಕ ಅಡ್ವಾನ್ಸ್ಡ್ ಪೇಜಿಗೆ ಹೋಗಿ ಹಿಸ್ಟರಿ ಒಳಗ ಡೀಟೇಲ್ಸ್ ಒತ್ರಿ, ಪೂರ್ತಿ ಬಿಚ್ಚಿ ತೋರಸ್ತೈತಿ. ನನ್ನ ಪ್ರಕಾರ ಪಬ್‌ಮೆಡ್‌ನಾಗ ಎಲ್ಲಕ್ಕಿಂತ ಉಪಯೋಗದ ಗುಂಡಿ ಅದು, ಎಲ್ಲಕ್ಕಿಂತ ಕಮ್ಮಿ ಮಂದಿ ಒತ್ತೋದೂ ಅದನ್ನ.

ಹಾವಿನ ಕೇಸ್ ನೋಡೋರು ಕೇಳ್ರಿ. ಕೊಳಕುಮಂಡಲಕ್ಕ ಇಂಗ್ಲಿಷಿನಾಗ ರಸೆಲ್ಸ್ ವೈಪರ್, ಈಗಿನ ಶಾಸ್ತ್ರೀಯ ಹೆಸರು ಡಬೋಯಾ ರಸೆಲಿ, ಹಳೆ ಪೇಪರ್‌ನಾಗ ವೈಪೆರಾ ರಸೆಲಿ. ಹಾವು ಒಂದ.

ಇದರ ಉಲ್ಟಾನೂ ಐತಿ, ಹೆಸರು ಒಂದು, ವಸ್ತು ಹತ್ತು. ಹೊಲದಾಗ ಕೀಟನಾಶಕ ಹೊಡೆಯೋವಾಗ ಮೈಗೆ ಹತ್ತಿ ಬರೋ ಆರ್ಗನೋಫಾಸ್ಫರಸ್ ವಿಷದ ಕೇಸ್‌ಗಳು ಸಿಂಧನೂರು, ಮಾನ್ವಿ, ಗಂಗಾವತಿ ಕಡಿ ಇರೋರಿಗೆ ಹೊಸಾದಲ್ಲ. ಅದಕ್ಕ ಅಟ್ರೋಪಿನ್ ಜೊತಿ ಕೊಡೋ ಪ್ರಾಲಿಡಾಕ್ಸಿಮ್ ಅನ್ನೋ ಔಷಧನ ವಾರ್ಡಿನಾಗ ಎಲ್ರೂ ಪಾಮ್ ಅಂತಾರ. ನೀವು ಪಾಮ್ ಅಂತ ಪಬ್‌ಮೆಡ್‌ಗ ಹಾಕಿದ್ರ ಏನ್ ಬರ್ತೈತಿ ಗೊತ್ತಾ, ಕ್ರಿಸ್ಪರ್ ಜೀನ್ ಎಡಿಟಿಂಗ್. ಅಲ್ಲಿ ಡಿಎನ್‌ಎ ಕತ್ತರಿಸೋ ಜಾಗದ ಪಕ್ಕ ಇರೋ ಸಣ್ಣ ತುಣುಕಿಗೂ ಪಾಮ್ ಅಂತಾರ. ಜೀನ್‌ಗಳ ಹೆಸರಿನ ಕಥಿ ಇನ್ನೂ ದೊಡ್ಡದು. ಸಿಎಟಿ ಅನ್ನೋ ಜೀನ್ ಐತಿ, ಕ್ಯಾಟಲೇಸ್ ಅನ್ನೋ ಎಂಜೈಮ್ ಮಾಡೋದು, ಅದ ಅಕ್ಷರಗಳಿಗೆ ಇಂಗ್ಲಿಷಿನಾಗ ಬೆಕ್ಕು ಅಂತ ಅರ್ಥ. ಡಬ್ಲ್ಯೂಎಎಸ್ ಅಂತ ಇನ್ನೊಂದು ಜೀನ್ ಐತಿ, ಇಂಗ್ಲಿಷ್ ವಾಕ್ಯದಾಗ ಆ ಪದ ಎಷ್ಟು ಸಲ ಬರ್ತೈತಿ ಯೋಚನೆ ಮಾಡ್ರಿ. ಜೀನ್ ಪಟ್ಟಿನ ಎಕ್ಸೆಲ್‌ಗ ಹಾಕಿದ್ರ ಎಸ್‌ಇಪಿಟಿ2 ಅನ್ನೋ ಜೀನ್ ಸೆಪ್ಟೆಂಬರ್ 2 ಅಂತ ತಾರೀಖು ಆಗಿ ಕುಂದರ್ತಿತ್ತು, ಮಾರ್ಚ್1 ಅನ್ನೋ ಜೀನ್ ಮಾರ್ಚ್ 1ನೇ ತಾರೀಖು. ಎಕ್ಸೆಲ್ ಪಟ್ಟಿ ಹಚ್ಚಿದ ಪೇಪರ್‌ಗಳೊಳಗ ಐದಕ್ಕ ಒಂದರಾಗ ಈ ತಪ್ಪು ಐತಿ ಅಂತ 2016ರಾಗ ಲೆಕ್ಕ ಹಾಕಿದ್ರು, ಕಡೀಕ ಜೀನ್‌ಗಳಿಗೆ ಹೆಸರು ಇಡೋ ಸಮಿತಿನೇ 2020ರಾಗ ಅಂಥ ಜೀನ್‌ಗಳ ಹೆಸರು ಬದಲಿಸ್ತು.

ಇಂಥ ಗೊಂದಲ ಬಿಡಿಸಾಕ ಬಂದ ಟೂಲ್ ಪಬ್‌ಟೇಟರ್. ಪಬ್‌ಮೆಡ್ ನಡೆಸೋರದೇ, ಪುಕ್ಕಟೆ, 2024ರಾಗ ಅದರ ಮೂರನೇ ಆವೃತ್ತಿಯ ಪೇಪರ್ ಬಂತು. ಸಾರಾಂಶ ತೆಗೆದ್ರ ಅದರಾಗ ಜೀನ್, ರೋಗ, ರಾಸಾಯನಿಕ, ಜೀನಿನ ರೂಪಾಂತರ, ಜೀವಿ, ಕೋಶದ ತಳಿ, ಈ ಆರು ತರದ ಹೆಸರಿಗೆ ಬಣ್ಣ ಹಚ್ಚಿ ತೋರಸ್ತೈತಿ, ಬಣ್ಣಕ್ಕಿಂತ ಮುಖ್ಯ ಅಂದ್ರ ಪ್ರತಿ ಹೆಸರಿಗೆ ಒಂದು ನಂಬರ್ ಹಚ್ಚತೈತಿ, ಪ್ರಾಲಿಡಾಕ್ಸಿಮ್ ಅಂತ ಬರದ್ರೂ 2-ಪಾಮ್ ಅಂತ ಬರದ್ರೂ ಅದಕ್ಕ ಒಂದ ನಂಬರ್. ಊರಾಗ ಒಬ್ಬಾಕಿನ್ನ ತವರಿನಾಗ ಒಂದು ಹೆಸರಿಂದ, ಗಂಡನ ಮನಿಯಾಗ ಒಂದು ಹೆಸರಿಂದ ಕರೀತಾರ, ಆದ್ರ ಆಧಾರ್ ನಂಬರ್ ಒಂದಲ್ಲ, ಹಂಗ. ಇದರ ಹಿಂದ ಇರೋದು ಬಯೋಬರ್ಟ್, ಪಬ್‌ಮೆಡ್‌ಬರ್ಟ್ ಅಂಥ ಮಾಡೆಲ್‌ಗಳ ಪೀಳಿಗಿ, ಲಕ್ಷಾಂತರ ವೈದ್ಯಕೀಯ ಸಾರಾಂಶ ಓದಿಸಿ ತಯಾರು ಮಾಡಿದ್ದು, ಪದದ ಅಕ್ಕಪಕ್ಕ ಏನೈತಿ ಅಂತ ನೋಡಿ ಇದು ಬೆಕ್ಕೋ ಜೀನೋ ಅಂತ ಹೇಳ್ತಾವ. ಪೂರ್ತಿ ಪೇಪರಿನ ಒಳಗ ಹುಡ್ಕಾಕ ಯುರೋಪ್ ಪಿಎಂಸಿ ಚಲೋ ಐತಿ. ಸಾವಿರಾರು ಸಾರಾಂಶ ಬಂದು ಯಾವುದು ಇಟ್ಕೊಳ್ಳೋದು ಯಾವುದು ಬಿಡೋದು ಅಂತ ಆರಿಸಾಕ ರಯ್ಯಾನ್, ಎಎಸ್‌ರಿವ್ಯೂ ಅದಾವ, ನೀವು ಆರಿಸಿದ್ದನ್ನ ನೋಡಿ ಕಲ್ತು ಉಳಿದಿದ್ದನ್ನ ಮುಂದ ಹಿಂದ ಜೋಡಸ್ತಾವ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬರೋರಿಗೆ ಪ್ರೋಗ್ರಾಂ ಬರದು ಪಬ್‌ಮೆಡ್‌ನ ಕೇಳಾಕ ಇ-ಯುಟಿಲಿಟೀಸ್ ಅನ್ನೋ ಬಾಗಿಲು ಐತಿ, ಕೀ (ಗುರುತಿನ ಕೋಡ್) ಇಲ್ದಿದ್ರ ಸೆಕೆಂಡಿಗೆ 3 ಸಲ ಕೇಳ್ಬಹುದು, ಕೀ ತಗೊಂಡ್ರ 10 ಸಲ.

ಈಗ ನನ್ನ ಕೈಯಿಂದ ಆದ ಒಂದು ತಪ್ಪು ಹೇಳ್ಬೇಕು, ಇದನ್ನ ಹೇಳದೇ ಈ ಮಾತು ಪೂರ್ತಿ ಆಗಂಗಿಲ್ಲ. ನಾಕು ವರ್ಷದ ಹಿಂದ ಒಬ್ರು ಡಾಕ್ಟರು ನಮ್ಮ ಸೀಮಿ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ರಿವ್ಯೂ ಬರಿಯಾಕ ಕುಂತ್ರು. ನೂರಾರು ಸಾರಾಂಶ. ನಾ ಒಂದು ಸ್ಕ್ರಿಪ್ಟ್, ಅಂದ್ರ ಸಣ್ಣ ಪ್ರೋಗ್ರಾಂ ಬರ್ದೆ, ಫ್ಲೋರೈಡ್ ಅನ್ನೋ ಪದ ಇರೋ ವಾಕ್ಯದಾಗ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಇರೋ ಅಂಕಿನೆಲ್ಲ ಎತ್ತಿ ಎಕ್ಸೆಲ್‌ಗ ಹಾಕೋದು. ಅರ್ಧ ತಾಸಿನಾಗ ಕೆಲ್ಸ ಮುಗೀತು, ನನಗ ಭಾಳ ಖುಷಿ. ಗ್ರಾಫ್ ಹಾಕಿದ್ರ 1.5ರ ಹತ್ರ ಒಂದು ದೊಡ್ಡ ಗುಡ್ಡ ಎದ್ದಿತ್ತು. ಡಾಕ್ಟರು ನೋಡಿ, ಅಂದ್ರ ನಮ್ಮ ಬೋರ್‌ಗಳು ಹೆಚ್ಚಿನವು ಮಿತಿಯ ಅಂಚಿನಾಗ ಅದಾವ ಅಂತ ಒಂದು ಪ್ಯಾರಾನೂ ಬರದ್ರು.

ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ, ಯಾಕೋ ಆ ಗುಡ್ಡ ಭಾಳ ಚೂಪು ಅನಿಸ್ತಿತ್ತು, ನೆಲದಾಗಿನ ನೀರು ಹಂಗ ಒಂದ ಅಂಕಿಗೆ ಬಂದು ನಿಲ್ಲಂಗಿಲ್ಲ. ಮರುದಿನ ಕುಂತು ಇಪ್ಪತ್ತು ಸಾರಾಂಶ ಕೈಯಿಂದ ಓದಿದೆ. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 1.5. ನಮ್ಮ ಭಾರತದ ಮಾನಕದಾಗ 1.0 ಒಪ್ಪುವಂಥದು, ಬ್ಯಾರೇ ನೀರು ಇಲ್ದಿದ್ರ 1.5ರ ತನಕ. ಬರ್ಯೋರೆಲ್ಲ ಸಾರಾಂಶದ ಮೊದಲ ವಾಕ್ಯದಾಗೋ ಕಡೇ ವಾಕ್ಯದಾಗೋ ಆ ಮಿತಿ ಹೇಳೇ ಹೇಳ್ತಾರ. ನನ್ನ ಸ್ಕ್ರಿಪ್ಟ್ ಬೋರ್‌ವೆಲ್ಲಿನ ಅಂಕಿ ಬಿಟ್ಟು ಆ ಮಿತಿನ ನೂರು ಸಲ ಎತ್ಕೊಂಡು ಬಂದಿತ್ತು. ಅಷ್ಟ ಆಗಿದ್ರ ಬ್ಯಾರೆ, 0.3ರಿಂದ 6.5 ಅಂತ ನಡುವ ಗೆರಿ ಹಾಕಿ ಬರೆದಲ್ಲೆಲ್ಲ ಆ ಗೆರಿನ ಮೈನಸ್ ಅಂತ ತಿಳ್ಕೊಂಡು ಮೈನಸ್ 6.5 ಅಂತ ಬರ್ದಿತ್ತು, ನಾ ಮೈನಸ್ ಅಂಕಿ ಎಲ್ಲಾ ಕಸ ಅಂತ ಅಳಿಸಿಬಿಟ್ಟಿದ್ದೆ. ಅಂದ್ರ ಎಲ್ಲಿ ಫ್ಲೋರೈಡ್ ಭಾಳ ಐತೋ ಆ ಊರಿನ ಅಂಕಿನೇ ಅಳಿಸಿ ಹೋಗಿತ್ತು. ಮಕ್ಕಳ ಹಲ್ಲು ಕಂದು ಆಗಿ, ಮೊಣಕಾಲು ಒಳಗ ಬಾಗಿದ ಊರು ನಮ್ಮ ಕಡಿ ಅದಾವ, ನೀವೂ ನೋಡಿರಿ, ಅಂಥ ಊರಿನ ನೀರು ನನ್ನ ಟೇಬಲ್‌ನಾಗ ಇರಲೇ ಇಲ್ಲ. ಮೂತ್ರದಾಗಿನ ಫ್ಲೋರೈಡನ್ನೂ ಅದು ನೀರು ಅಂತ ಲೆಕ್ಕ ಹಾಕಿತ್ತು.

ಪೇಪರ್ ಪ್ರಿಂಟ್ ಆಗೋಕಿಂತ ಮೊದ್ಲ ಸಿಕ್ತು, ತಿದ್ದಿದ್ವಿ, ಆ ಪ್ಯಾರಾ ತೆಗೆದ್ವಿ. ಆವತ್ತಿಂದ ನನ್ನ ಟೇಬಲ್‌ನಾಗ ಯಾವ ಅಂಕಿನೂ ಒಂಟಿ ಇರಂಗಿಲ್ಲ. ಅಂಕಿಯ ಪಕ್ಕದ ಕಾಲಮ್ಮಿನಾಗ ಅದು ಬಂದ ಪೂರ್ತಿ ವಾಕ್ಯ, ಅದರ ಪಕ್ಕ ಪಿಎಂಐಡಿ, ಅಂದ್ರ ಪಬ್‌ಮೆಡ್ ಪ್ರತಿ ಲೇಖನಕ್ಕ ಕೊಡೋ ನಂಬರ್. ಮಿತಿ, ಮಾನಕ, ಶಿಫಾರಸು ಅನ್ನೋ ಅರ್ಥದ ಪದ ಇರೋ ವಾಕ್ಯನ ಬ್ಯಾರೇ ಹಾಳಿಗೆ ಕಳಸ್ತೀನಿ. ಹತ್ತಕ್ಕ ಒಂದನ್ನ ಕೈಯಿಂದ ಚೆಕ್ ಮಾಡ್ತೀನಿ. ನಿಧಾನ ಆಗ್ತೈತಿ, ಆಗ್ಲಿ.

ವಾಕ್ಯ ಎತ್ತಿದ್ರೂ ಸಾಕಾಗಂಗಿಲ್ಲ ಅನ್ನೋದಕ್ಕ ಪಾಮ್‌ನ ಕಥಿ ಕೇಳ್ರಿ. ಇದನ್ನ ಹೇಳೋವಾಗ್ಲೇ ಅವತ್ತು ಕರೆಂಟ್ ಹೋಗಿದ್ದು. ಔಷಧ ಕೊಡಬೇಕೋ ಬ್ಯಾಡೋ ಅಂತ ಹೇಳೋ ಅಧಿಕಾರ ನಂದಲ್ಲ, ನಿಮ್ಮ ಸೀನಿಯರ್‌ಗಳನ್ನ ಕೇಳ್ರಿ, ನಾ ಹೇಳೋದು ಟೂಲ್ ಏನ್ ಮಾಡ್ತೈತಿ ಅನ್ನೋದಷ್ಟ. 2006ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಮಹಾರಾಷ್ಟ್ರದ ಬಾರಾಮತಿಯ ಟ್ರಯಲ್ ಬಂತು, 200 ಪೇಷಂಟ್, ಡ್ರಿಪ್ ಮೂಲಕ ಸತತ ದೊಡ್ಡ ಡೋಸ್ ಕೊಟ್ಟವರು ಕಮ್ಮಿ ಸತ್ರು. 2009ರಾಗ ಪ್ಲಾಸ್ ಮೆಡಿಸಿನ್‌ನಾಗ ಶ್ರೀಲಂಕಾದ ಟ್ರಯಲ್ ಬಂತು, ಪಾಮ್ ಕೊಟ್ಟ 121 ಮಂದಿಯೊಳಗ 30 ಮಂದಿ ತೀರಿಕೊಂಡ್ರು, ಅದರ ಬದ್ಲಿ ಸಲೈನ್ ಕೊಟ್ಟ 114 ಮಂದಿಯೊಳಗ 18 ಮಂದಿ, ಲಾಭ ಕಾಣಲಿಲ್ಲ, ರಕ್ತದಾಗಿನ ಎಂಜೈಮ್ ಮಾತ್ರ ಚೇತರಿಸಿಕೊಂಡಿತ್ತು. ಈಗ ಒಂದು ಟೂಲ್ ಈ ಎರಡನ್ನೂ ಓದಿ ಪಾಮ್, ಚಿಕಿತ್ಸೆ, ಆರ್ಗನೋಫಾಸ್ಫರಸ್ ಅಂತ ಮೂರು ತುಂಡಿನ ಒಂದು ಸಾಲು ಮಾಡಿ ಇಡ್ತೈತಿ, ಎರಡಕ್ಕೂ ಅದ ಸಾಲು. ಇಲ್ಲ, ಆಗಲಿಲ್ಲ, ಕಾಣಲಿಲ್ಲ ಅನ್ನೋ ಪದ ಹಿಡಿಯಾಕ 2001ರಾಗಲೇ ನೆಗ್‌ಎಕ್ಸ್ ಅನ್ನೋ ಸರಳ ಉಪಾಯ ಬಂದೈತಿ, ಕೇಸ್ ಶೀಟಿನಾಗ ಜ್ವರ ಇಲ್ಲ ಅಂತ ಇದ್ರ ಜ್ವರ ಅಂತ ಎಣಿಸದೇ ಇರಲಿ ಅಂತ ಮಾಡಿದ್ದು. ಆದ್ರ ಇಲ್ಲಿ ಇಲ್ಲ ಅನ್ನೋದನ್ನ ಹಿಡಿದ್ರೂ ಸಾಲಂಗಿಲ್ಲ. ಬಾರಾಮತಿಯೊಳಗ ಎರಡೂ ಗುಂಪಿಗೆ ಪಾಮ್ ಕೊಟ್ಟಿದ್ರು, ಕೇಳಿದ ಪ್ರಶ್ನೆ ಎಷ್ಟು ಕೊಡಬೇಕು ಅನ್ನೋದು. ಶ್ರೀಲಂಕಾದಾಗ ಕೇಳಿದ್ದು ಕೊಡಬೇಕೋ ಬ್ಯಾಡೋ ಅನ್ನೋದು. ಪ್ರಶ್ನೆನೇ ಬ್ಯಾರೆ. ಅದನ್ನ ತಿಳ್ಕೊಳ್ಳಾಕ ಮೆಥಡ್ಸ್ ಅನ್ನೋ ಭಾಗ ತೆಗೆದು ಓದಬೇಕು, ಸಾರಾಂಶದಾಗೂ ಪೂರ್ತಿ ಇರಂಗಿಲ್ಲ.

ಇಷ್ಟೆಲ್ಲ ಕೇಳಿ ಈ ಟೂಲ್ ಯಾಕ ಬೇಕು ಅಂತ ಅನಿಸ್ಬ್ಯಾಡ್ರಿ. ನನಗ ಈ ಕೆಲ್ಸದ ಮ್ಯಾಲೆ ಪ್ರೀತಿ ಹುಟ್ಟಿಸಿದ್ದು ಡಾನ್ ಸ್ವಾನ್ಸನ್ ಅನ್ನೋ ಮನುಷ್ಯ, ಶಿಕಾಗೋ ವಿಶ್ವವಿದ್ಯಾಲಯದಾಗ ಮಾಹಿತಿ ವಿಜ್ಞಾನ ಕಲಿಸೋರು, ಡಾಕ್ಟರ್ ಅಲ್ಲ. ರೇನೋ ಅಂತ ಒಂದು ಕಾಯಿಲೆ ಐತಿ, ಥಂಡಿಗೆ ಬೆರಳು ಬೆಳ್ಳಗಾಗಿ ರಕ್ತ ಹರಿಯೋದು ನಿಲ್ತೈತಿ. ಆ ಪೇಷಂಟ್‌ಗಳ ರಕ್ತ ಗಟ್ಟಿ, ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟ್ಕೊಂತಾವ ಅಂತ ಒಂದು ಗುಂಪಿನ ಪೇಪರ್‌ಗಳು ಹೇಳ್ತಿದ್ವು. ಮೀನೆಣ್ಣೆ ರಕ್ತನ ತೆಳು ಮಾಡ್ತೈತಿ, ಪ್ಲೇಟ್‌ಲೆಟ್ ಅಂಟೋದನ್ನ ಕಮ್ಮಿ ಮಾಡ್ತೈತಿ ಅಂತ ಇನ್ನೊಂದು ಗುಂಪಿನ ಪೇಪರ್‌ಗಳು. ಇವರು ಅವರನ್ನ ಓದಿರಲಿಲ್ಲ, ಅವರು ಇವರನ್ನ ಓದಿರಲಿಲ್ಲ. ಸ್ವಾನ್ಸನ್ ಲೈಬ್ರರಿಯ ಪಟ್ಟಿ ಹಿಡ್ಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು 1986ರಾಗ ಬರದ್ರು, ರೇನೋಗ ಮೀನೆಣ್ಣೆ ಕೊಟ್ಟು ನೋಡ್ರಿ ಅಂತ. 1989ರಾಗ ಟ್ರಯಲ್ ಮಾಡಿದಾಗ ಹೌದು, ಒಂದು ತರದ ರೇನೋ ಪೇಷಂಟ್‌ಗಳಿಗೆ ಉಪಯೋಗ ಕಂಡಿತು. 1988ರಾಗ ಹಂಗ ಮೈಗ್ರೇನ್ ಮತ್ತ ಮೆಗ್ನೀಸಿಯಂ ನಡುವ ಯಾರೂ ಗಮನಿಸದೇ ಇದ್ದ 11 ಕೊಂಡಿ ತೋರಿಸಿದ್ರು. ಆಮ್ಯಾಲೆ ಅದಕ್ಕಂತನ ಆರೋಸ್ಮಿತ್ ಅನ್ನೋ ಸಾಫ್ಟ್‌ವೇರ್ ಮಾಡಿದ್ರು. ಒಂದು ಲ್ಯಾಬ್ ಇಲ್ಲ, ಒಂದು ಇಲಿ ಇಲ್ಲ, ಮಂದಿ ಬರೆದಿಟ್ಟಿದ್ದನ್ನ ಕೂಡಿಸಿ ಓದಿದ್ದಷ್ಟ. ಲೈಬ್ರರಿಯಾಗ ಕುಂತಾಕಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವುದೈತಿ ಹೇಳ್ರಿ. ಕೊಪ್ಪಳದಾಗ ಕುಂತ ಹುಡುಗಿ ಫೋನಿನಾಗ ಈ ಕೆಲ್ಸ ಮಾಡ್ಬಹುದು. ಈಗಂತೂ 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆಯೊಳಗ ಸರ್ಕಾರಿ ಕಾಲೇಜುಗಳಿಗೆ ಸುಮಾರು 13,000 ಪತ್ರಿಕೆ ಓದಾಕ ಸಿಗ್ತಾವ, ನಿಮ್ಮ ಲೈಬ್ರರಿಯಾಗ ಹೋಗಿ ಕೇಳ್ರಿ, ಕೇಳೋರು ಇದ್ರ ಅವರೂ ಚಾಲೂ ಮಾಡ್ತಾರ.

ಚಾಟ್‌ಜಿಪಿಟಿ ಬಗ್ಗೆ ನಾಕು ಮಂದಿ ಚೀಟಿ ಕಳಿಸಿದ್ರು. ನಾನೂ ಉಪಯೋಗಿಸ್ತೀನಿ, ಹುಡ್ಕಾಕ ಪರ್ಯಾಯ ಪದ ಕೊಡು ಅಂತ ಕೇಳಿದ್ರ ಚಲೋ ಕೊಡ್ತೈತಿ. ಆದ್ರ ಪೇಪರ್ ಹೆಸರು ಕೊಡು ಅಂದ್ರ ಇಲ್ಲದ ಪೇಪರ್‌ನ ಇದ್ದಂಗ ಬರದು ಕೊಡೋ ಸಾಧ್ಯತೆ ಐತಿ, ಲೇಖಕರ ಹೆಸರು, ವರ್ಷ, ಪಿಎಂಐಡಿ ಎಲ್ಲಾ ಹಚ್ಚಿ. ಆ ಪಿಎಂಐಡಿ ನಂಬರನ್ನ ಪಬ್‌ಮೆಡ್ ಬಾಕ್ಸಿಗೆ ಹಾಕ್ರಿ, ಕೊಟ್ಟ ತಲಿಬರಹ ಬಂದ್ರ ಸರಿ, ಬ್ಯಾರೇ ಏನೋ ಬಂದ್ರ ಬಿಡ್ರಿ. ಹತ್ತು ಸೆಕೆಂಡಿನ ಕೆಲ್ಸ. ಪೇಪರ್ ನಿಜ ಇದ್ರೂ ವಾಪಸ್ ತಗೊಂಡಾರೇನು ಅಂತ ನೋಡ್ರಿ. 2020ರ ಮೇ 22ಕ್ಕ ಕೋವಿಡ್‌ಗ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಲ್ಯಾನ್ಸೆಟ್‌ನಾಗ ಒಂದು ದೊಡ್ಡ ಪೇಪರ್ ಬಂತು, ಅದನ್ನ ನೋಡಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನಾಗ ಆ ಔಷಧ ನಿಲ್ಲಿಸ್ತು, ಜೂನ್ 4ಕ್ಕ ಪೇಪರ್ ವಾಪಸ್ ಆತು, ಡೇಟಾ ಪರಿಶೀಲನೆ ಮಾಡಾಕ ಸಿಗಲಿಲ್ಲ ಅಂತ. ಹದಿಮೂರು ದಿನ. ಆ ನಡುವ ಯಾರಾದ್ರೂ ಅದರ ಅಂಕಿ ಎತ್ತಿ ಟೇಬಲ್‌ಗ ಹಾಕಿದ್ರ ಆ ಅಂಕಿ ಇನ್ನೂ ಅಲ್ಲೇ ಇರ್ತೈತಿ, ಟೇಬಲ್‌ಗ ಯಾರೂ ಫೋನ್ ಮಾಡಿ ಹೇಳಂಗಿಲ್ಲ. ಪಬ್‌ಮೆಡ್‌ನಾಗ ಅಂಥ ಲೇಖನದ ಮ್ಯಾಲೆ ದೊಡ್ಡದಾಗಿ ನೋಟಿಸ್ ಇರ್ತೈತಿ, ಅದಕ್ಕ ಪಿಎಂಐಡಿ ಇಟ್ಕೊಂಡು ಕೆಲ್ಸ ಮುಗಿಸೋ ಮೊದ್ಲ ಇನ್ನೊಂದು ಸಲ ಎಲ್ಲಾನೂ ಹುಡುಕ್ರಿ.

ಕಡೀಕ ಪ್ರಶ್ನೆ ಕೇಳೋ ಹೊತ್ತಿಗೆ ಹಿಂದಿನ ಸಾಲಿನಾಗಿಂದ ಸಿಂಧನೂರು ಕಡಿಯ ಸ್ಟಾಫ್ ನರ್ಸ್ ಒಬ್ರು ಎದ್ದು, ಮೇಡಂ ನಮ್ಮ ಕೇಸ್ ಶೀಟಿನಾಗ ಪೇಷಂಟ್ ಕಡ್ಯಾರು ಹೇಳಿದ್ದನ್ನ ಹಂಗ ಕನ್ನಡದಾಗ ಬರ್ದಿರ್ತೀವಿ, ಅದನ್ನ ಈ ಟೂಲ್ ಓದ್ತೈತಿ ಏನು ಅಂದ್ರು. ಪಬ್‌ಮೆಡ್ ಇಂಗ್ಲಿಷಿನಾಗ ನಡೀತೈತಿ, ಕನ್ನಡ ಕೇಸ್ ಶೀಟ್ ಓದಾಕ ನಾವ ಮೊದ್ಲ ಪದಗಳನ್ನ ಹೇಳಿಕೊಡಬೇಕು ಅಂದೆ. ಆಕಿ ಅಂದ್ರು, ನಾವು ಹೊಲದಾಗ ಎಣ್ಣಿ ಬಡದೈತಿ ಅಂತ ಬರ್ದಿದ್ವಿ, ಎಂಟ್ರಿ ಮಾಡಾಕ ಬೆಂಗ್ಳೂರಿಂದ ಬಂದಿದ್ದ ಹುಡುಗ ಅದನ್ನ ಆಲ್ಕೋಹಾಲ್ ಅಂತ ಹಾಕಿದ್ದ. ಹಾಲ್‌ನಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಮ್ಮ ಕಡಿ ಎಣ್ಣಿ ಹೊಡಿಯೋದು ಅಂದ್ರ ಬೆಳಿಗೆ ಕೀಟನಾಶಕ ಹೊಡಿಯೋದು, ಆ ಕಡಿ ಎಣ್ಣೆ ಅಂದ್ರ ಬಾರಿನಾಗ ಕುಡಿಯೋದು. ಹುಡುಗನ ತಪ್ಪು ಅಂತ ನಾ ಹೇಳಂಗಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

ಪ್ರೊಜೆಕ್ಟರ್ ಇರಲಿಲ್ಲ, ಬೋರ್ಡ್ ಇತ್ತು. ಆಕಿನ್ನ ಕರದು ಸೀಮೆಸುಣ್ಣ ಕೊಟ್ಟೆ. ಎಣ್ಣಿ ಅಂತ ಮೊದ್ಲ ಬರದ್ರು, ಅದರ ಕೆಳಗ ಔಷಧ, ಪೌಡ್ರು, ಹುಳದ ಎಣ್ಣಿ, ಒಬ್ಬೊಬ್ರು ತಮ್ಮ ಊರಿನ ಪದ ಕೂಗಿದ್ರು, ಯಲಬುರ್ಗಿ ಕಡಿಯವರು ಒಂದು ಹೇಳಿದ್ರ ಮಾನ್ವಿ ಕಡಿಯವರು ಹಂಗಲ್ಲ ಅಂದ್ರು. ಬೋರ್ಡ್ ತುಂಬಿದ ಮ್ಯಾಲೆ ಫೋಟೋ ತೆಗೆದು ಇಟ್ಕೊಂಡೀನಿ, ಪ್ರತಿ ಪದದ ಎದುರಿಗೆ ಇಂಗ್ಲಿಷ್ ಪದ, ಅದರ ಎದುರಿಗೆ ಮೆಶ್ ಪದ ಹಚ್ಚತಾ ಕುಂತೀನಿ. ಔಷಧ ಅನ್ನೋದರ ಎದುರಿಗೆ ಇನ್ನೂ ಪ್ರಶ್ನೆ ಚಿಹ್ನಿ ಐತಿ, ಹೊಲಕ್ಕ ಹೊಡಿಯೋದೂ ಔಷಧ, ದವಾಖಾನಿಯಾಗ ಕೊಡೋದೂ ಔಷಧ, ಮುಂದಿನ ವಾಕ್ಯ ಓದೋತನಕ ಯಾವುದು ಅಂತ ಗೊತ್ತಾಗಂಗಿಲ್ಲ.